ಮೋಡ ಇಷ್ಟಿದ್ದೂ ನಕ್ಷತ್ರ ಯಾಕೆ ಇಷ್ಟು ಕಡಿಮೆ?

ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಎಷ್ಟು ಹೊಸ ನಕ್ಷತ್ರಗಳು ಹುಟ್ಟುತ್ತವೆ? ತೂಕದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 2 ಸೂರ್ಯರಷ್ಟು. ಹುಟ್ಟುವ ನಕ್ಷತ್ರಗಳಲ್ಲಿ ಹೆಚ್ಚಿನವು ಸೂರ್ಯನಿಗಿಂತ ಸಣ್ಣವು. ಹಾಗಾಗಿ ಎಣಿಕೆಯಲ್ಲಿ ಐದಾರು ಆಗಬಹುದು. ಅಷ್ಟೇ.

ಇದು ಕಡಿಮೆ ಅಂತ ಹೇಳುವುದಕ್ಕೆ ಕಾರಣವಿದೆ. ನಕ್ಷತ್ರ ಹುಟ್ಟುವುದು ತಣ್ಣನೆಯ ಹೈಡ್ರೋಜನ್ ಅಣುಗಳ ಮೋಡದಲ್ಲಿ. ಅಂಥ ಅನಿಲ ನಮ್ಮ ಗ್ಯಾಲಕ್ಸಿಯಲ್ಲಿ ಸುಮಾರು 100 ಕೋಟಿ ಸೂರ್ಯರ ತೂಕದಷ್ಟಿದೆ. ಈ ಮೋಡಗಳನ್ನು ಅವುಗಳ ಸ್ವಂತ ಗುರುತ್ವಕ್ಕೇ ಬಿಟ್ಟುಬಿಟ್ಟರೆ 30–50 ಲಕ್ಷ ವರ್ಷದೊಳಗೆ ಒಳಕ್ಕೆ ಕುಸಿಯಬೇಕು. ಭಾಗಿಸಿ ನೋಡಿ. ವರ್ಷಕ್ಕೆ 200ರಿಂದ 300 ಸೂರ್ಯರಷ್ಟು ನಕ್ಷತ್ರ ಹುಟ್ಟಬೇಕಿತ್ತು. ಹುಟ್ಟುತ್ತಿರುವುದು ಅದರ ನೂರರಲ್ಲಿ ಒಂದು ಪಾಲು.

ಶಾಲೆಯ ಪುಸ್ತಕ ಹೇಳುವ ಕಥೆ ನಮಗೆಲ್ಲ ಗೊತ್ತು. ಅನಿಲದ ಮೋಡ ಇರುತ್ತದೆ, ಗುರುತ್ವ ಎಳೆಯುತ್ತದೆ, ಮೋಡ ಕುಗ್ಗಿ ಬಿಸಿಯಾಗುತ್ತದೆ, ನಕ್ಷತ್ರ ಹೊತ್ತಿಕೊಳ್ಳುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಕ್ಷತ್ರ ಹುಟ್ಟುವುದು ಸಲೀಸಾದ ಕೆಲಸ ಅನ್ನುವ ಭಾವನೆ ಬರುತ್ತದೆ. ನಿಜವಾದ ಪ್ರಶ್ನೆ ಇರುವುದು ಅದರ ಆಚೆಗೆ. ಉಡುಪಿಯ ಒಂದು ಶಾಲೆಯಲ್ಲಿ ಈ ಲೆಕ್ಕ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಅಷ್ಟೆಲ್ಲ ಗ್ಯಾಸ್ ಉಂಟಲ್ಲ, ಮತ್ತೆ ಎಂತಕ್ಕೆ ಎಲ್ಲ ಒಟ್ಟಿಗೆ ಬೀಳುವುದಿಲ್ಲ?" 50 ವರ್ಷದಿಂದ ಖಗೋಳ ವಿಜ್ಞಾನಿಗಳು ಕೇಳುತ್ತಿರುವುದೂ ಇದನ್ನೇ.

ಮೊದಲು ಈ ಮೋಡ ಎಂಥದ್ದು ಅಂತ ನೋಡೋಣ. ಪಣಂಬೂರಿನ ಕಡಲ ದಂಡೆಯಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ತೆಗೆದುಕೊಂಡರೆ ಅದರಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ಆಕಾಶದ ಅಣುಮೋಡದಲ್ಲಿ ಅಷ್ಟೇ ಜಾಗದಲ್ಲಿ ಇರುವುದು ಕೆಲವು ನೂರು. ನಮ್ಮ ಪ್ರಯೋಗಾಲಯಗಳಲ್ಲಿ ನಿರ್ವಾತ ಅಂತ ಕರೆಯುವ ಜಾಗದಲ್ಲೂ ಇದಕ್ಕಿಂತ ಜಾಸ್ತಿ ಅಣುಗಳು ಉಳಿದಿರುತ್ತವೆ. ಆದರೆ ಮೋಡದ ಅಗಲ ಹತ್ತಾರು, ಕೆಲವೊಮ್ಮೆ ನೂರಾರು ಜ್ಯೋತಿರ್ವರ್ಷ. ಹಾಗಾಗಿ ಒಟ್ಟು ತೂಕ ಲಕ್ಷಗಟ್ಟಲೆ ಸೂರ್ಯರಷ್ಟಾಗುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲು ದೂಳು. ಈ ದೂಳು ಹೊರಗಿನ ನಕ್ಷತ್ರಗಳ ಬೆಳಕನ್ನು ತಡೆಯುತ್ತದೆ. ಅದರಿಂದಾಗಿ ಒಳಗೆ ಕತ್ತಲು, ಜೊತೆಗೆ ವಿಪರೀತ ಚಳಿ. ಮೈನಸ್ 263 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಅಷ್ಟು ಚಳಿಯಲ್ಲಿ ಹೈಡ್ರೋಜನ್ ಅಣು ತಾನಾಗಿ ಬೆಳಕು ಕೊಡುವುದಿಲ್ಲ. ಮೋಡದ ಬಹುಪಾಲು ಅದೇ ಆಗಿದ್ದರೂ ಅದು ನಮ್ಮ ಕಣ್ಣಿಗೂ ಉಪಕರಣಗಳಿಗೂ ಸಿಗುವುದಿಲ್ಲ. ದಾರಿ ತೋರಿಸಿದ್ದು ಕಾರ್ಬನ್ ಮೊನಾಕ್ಸೈಡ್. 1970ರಲ್ಲಿ ರಾಬರ್ಟ್ ವಿಲ್ಸನ್, ಕೀತ್ ಜೆಫರ್ಟ್ಸ್, ಆರ್ನೋ ಪೆಂಝಿಯಾಸ್ ಅಮೆರಿಕದ ಕಿಟ್ ಪೀಕ್‌ನಲ್ಲಿ ಓರಿಯನ್ (ಮಹಾವ್ಯಾಧ) ನಕ್ಷತ್ರಪುಂಜದ ಕಡೆಗೆ ಟೆಲಿಸ್ಕೋಪ್ ತಿರುಗಿಸಿ, 2.6 ಮಿಲಿಮೀಟರ್ ಅಲೆಯಲ್ಲಿ ಈ ಅಣುವಿನ ಸಂಕೇತ ಹಿಡಿದರು. ಸುಮಾರು ಹತ್ತು ಸಾವಿರ ಹೈಡ್ರೋಜನ್ ಅಣುಗಳಿಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಣು. ಅಷ್ಟು ಸಾಕಾಯಿತು. ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೈಡ್ರೋಜನ್ ಇದೆ ಅಂತ ಲೆಕ್ಕ ಹಾಕಿ ಇಡೀ ಗ್ಯಾಲಕ್ಸಿಯ ಮೋಡಗಳ ನಕ್ಷೆ ಮಾಡಲಾಯಿತು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲೇ 10.4 ಮೀಟರ್ ಅಗಲದ ಮಿಲಿಮೀಟರ್ ಅಲೆಯ ಟೆಲಿಸ್ಕೋಪ್ ಕಟ್ಟಿ, ದಕ್ಷಿಣದ ಆಕಾಶದ ಮೋಡಗಳಲ್ಲಿ ಈ ಅಣುವನ್ನು ಅಳೆದಿದ್ದಾರೆ. ಈ ಕೆಲಸ ನಮ್ಮ ಕನ್ನಡ ಮಕ್ಕಳಿಗೆ ಇನ್ನೂ ಚೆನ್ನಾಗಿ ತಿಳಿಯಬೇಕಿತ್ತು.

ಈಗ ಒಂದು ನಕ್ಷತ್ರದ ಹುಟ್ಟನ್ನು ಬೇಗ ನೋಡಿಬಿಡೋಣ. ಮೋಡ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯೂರೋಪಿನ ಹರ್ಷೆಲ್ ಟೆಲಿಸ್ಕೋಪ್ 2009ರಿಂದ 2013ರವರೆಗೆ ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಮೋಡದ ತುಂಬ ಎಳೆ ಎಳೆಯಾದ ರಚನೆ ಕಂಡಿತು. ಹತ್ತಿರದ ಮೋಡಗಳಲ್ಲಿ ಒಂದೊಂದು ಎಳೆಯ ಅಗಲ ಸುಮಾರು ಮೂರನೇ ಒಂದು ಜ್ಯೋತಿರ್ವರ್ಷ. ದಟ್ಟವಾದ ಎಳೆಗಳು ಅಲ್ಲಲ್ಲಿ ಗಂಟು ಕಟ್ಟುತ್ತವೆ. ಆ ಗಂಟು ತನ್ನ ಒಳಗಿನ ಒತ್ತಡ ತಡೆಯುವಷ್ಟಕ್ಕಿಂತ ಹೆಚ್ಚು ಭಾರವಾದಾಗ ಕುಸಿಯುತ್ತದೆ. ಆ ಮಿತಿ ಎಷ್ಟು ಅನ್ನುವ ಗಣಿತವನ್ನು ಜೇಮ್ಸ್ ಜೀನ್ಸ್ 1902ರಲ್ಲೇ ಹಾಕಿಕೊಟ್ಟಿದ್ದರು. ಕುಸಿಯುವ ಗಂಟು ತಿರುಗುತ್ತಲೂ ಇರುತ್ತದೆ. ಸೂರ್ಯನಂಥ ನಕ್ಷತ್ರವಾಗುವ ಹೊತ್ತಿಗೆ ಅಗಲದಲ್ಲಿ ಸುಮಾರು 20 ಲಕ್ಷ ಪಟ್ಟು ಕುಗ್ಗಬೇಕು. ಕುಗ್ಗಿದಷ್ಟೂ ತಿರುಗುವ ವೇಗ ಏರುತ್ತದೆ. ಹಾಗಾಗಿ ಅನಿಲ ನೇರವಾಗಿ ನಡುವಿಗೆ ಬೀಳಲಾಗದೆ ಸುತ್ತಲೂ ತಟ್ಟೆಯಾಗಿ ಹರಡುತ್ತದೆ. ಆ ತಟ್ಟೆಯಲ್ಲೇ ಮುಂದೆ ಗ್ರಹಗಳು. 2014ರಲ್ಲಿ ಚಿಲಿಯ ಆಲ್ಮಾ ಟೆಲಿಸ್ಕೋಪ್ 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಅನ್ನುವ ಎಳೆ ನಕ್ಷತ್ರದ ತಟ್ಟೆಯಲ್ಲಿ ಉಂಗುರಗಳನ್ನೇ ತೋರಿಸಿತು.

ಕುಸಿಯುವ ಗಂಟಿನ ಎರಡೂ ತುದಿಗಳಿಂದ ಅನಿಲ ಚಿಲುಮೆಯಾಗಿ ಹೊರಗೆ ಚಿಮ್ಮುತ್ತದೆ. ನಕ್ಷತ್ರಕ್ಕೆ ಸೇರಬೇಕಾದ ಅನಿಲದಲ್ಲಿ ಇದೊಂದು ದೊಡ್ಡ ಸೋರಿಕೆ. ಅಳತೆಗಳ ಪ್ರಕಾರ ಗಂಟಿನ ತೂಕದಲ್ಲಿ ಮೂರನೇ ಒಂದು ಪಾಲಷ್ಟೇ ನಕ್ಷತ್ರವಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಕೊನೆಗೆ ನಡುವಿನ ಬಿಸಿ ಒಂದು ಕೋಟಿ ಡಿಗ್ರಿ ದಾಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗಲು ಶುರುವಾಗುತ್ತದೆ.

ಆದರೆ ಮೂರನೇ ಒಂದು ಪಾಲಿನಿಂದ ನೂರನೇ ಒಂದು ಪಾಲಿನ ಒಗಟು ಬಿಡಿಸಲಾಗದು. ಮೋಡದ ಬಹುಪಾಲು ಗಂಟು ಕಟ್ಟುವ ಹಂತಕ್ಕೇ ಬರುವುದಿಲ್ಲ. ಅದು ಯಾಕೆ?

ಎರಡು ಮೋಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಶ್ನೆ ತಿಳಿಯಾಗುತ್ತದೆ. ಓರಿಯನ್ ಎ ಅನ್ನುವ ಮೋಡ ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದೆ. ಕ್ಯಾಲಿಫೋರ್ನಿಯಾ ಮೋಡ ಅಂತ ಇನ್ನೊಂದು, ಅದೂ ಹೆಚ್ಚುಕಮ್ಮಿ ಅಷ್ಟೇ ದೂರ. ಎರಡರ ತೂಕವೂ ಲಕ್ಷ ಸೂರ್ಯರ ಆಸುಪಾಸು. ಆದರೆ ಚಾರ್ಲ್ಸ್ ಲಾಡಾ ಮತ್ತು ಸಂಗಡಿಗರು 2009ರಲ್ಲಿ ಹೋಲಿಸಿ ನೋಡಿದಾಗ ಓರಿಯನ್ ಎಯಲ್ಲಿ ನಕ್ಷತ್ರ ಹುಟ್ಟುವ ಕೆಲಸ ಕ್ಯಾಲಿಫೋರ್ನಿಯಾಕ್ಕಿಂತ ಹತ್ತು ಪಟ್ಟು ಜಾಸ್ತಿ ಇತ್ತು. ತೂಕ ಒಂದೇ, ಫಸಲು ಬೇರೆ. ವ್ಯತ್ಯಾಸ ಇದ್ದದ್ದು ದಟ್ಟವಾದ ಅನಿಲ ಎಷ್ಟಿದೆ ಅನ್ನುವುದರಲ್ಲಿ. ಕರಾವಳಿಯವರಿಗೆ ಇದು ಹೊಸದಲ್ಲ. ಕಡಲಿನಿಂದ ಎದ್ದ ಅದೇ ಮೋಡ ಮಂಗಳೂರಿನ ಮೇಲೆ ಹಾದು ಹೋಗುತ್ತದೆ, ಘಟ್ಟಕ್ಕೆ ತಾಗಿ ಮೇಲೇರಿದ ಮೇಲೆ ಆಗುಂಬೆಯಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ಸುರಿಯುತ್ತದೆ. ಎಷ್ಟು ಮೋಡ ಇದೆ ಅನ್ನುವುದಷ್ಟೇ ಸಾಲದು, ಅದನ್ನು ಒತ್ತಿ ದಟ್ಟ ಮಾಡುವುದು ಏನು ಅನ್ನುವುದೂ ಬೇಕು.

ದಟ್ಟವಾಗದಂತೆ ತಡೆಯುವುದು ಯಾವುದು? ಇಲ್ಲಿ ವಿಜ್ಞಾನಿಗಳ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

1980ರ ದಶಕದಲ್ಲಿ ಹೆಚ್ಚಿನವರು ಬೆರಳು ತೋರಿಸಿದ್ದು ಕಾಂತಕ್ಷೇತ್ರದ ಕಡೆಗೆ. ಅನಿಲದಲ್ಲಿ ಸ್ವಲ್ಪವೇ ಸ್ವಲ್ಪ ವಿದ್ಯುತ್ ಕಣಗಳಿರುತ್ತವೆ. ಅವು ಕಾಂತಕ್ಷೇತ್ರದ ಗೆರೆಗಳಿಗೆ ಅಂಟಿಕೊಂಡು ಉಳಿದ ಅನಿಲವನ್ನೂ ಹಿಡಿದಿಡುತ್ತವೆ ಅನ್ನುವ ವಾದ. ಆಮೇಲೆ ರಿಚರ್ಡ್ ಕ್ರಚರ್ ಮತ್ತು ಇತರರು ಮೋಡಗಳ ಕಾಂತಕ್ಷೇತ್ರವನ್ನು ನೇರವಾಗಿ ಅಳೆದರು. ದಟ್ಟವಾದ ಭಾಗಗಳಲ್ಲಿ ಗುರುತ್ವವನ್ನು ಅದೊಂದೇ ತಡೆಯುವಷ್ಟು ಬಲ ಕಾಣಲಿಲ್ಲ. ಈಗ ಕಾಂತಕ್ಷೇತ್ರವನ್ನು ಯಾರೂ ತಳ್ಳಿಹಾಕುವುದಿಲ್ಲ, ಆದರೆ ಅದೇ ಮುಖ್ಯ ಅಂತ ಹೇಳುವವರು ಕಡಿಮೆ.

ಎರಡನೆಯದು ಕಲಕಾಟ. ಮೋಡದೊಳಗೆ ಅನಿಲ ಅತ್ತಿಂದಿತ್ತ ನುಗ್ಗಾಡುತ್ತಿರುತ್ತದೆ. ಆ ಚಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 0.2 ಕಿಲೋಮೀಟರ್. ಕಾರ್ಬನ್ ಮೊನಾಕ್ಸೈಡ್ ಸಂಕೇತದ ಅಗಲದಿಂದ ಅಳೆದ ಅನಿಲದ ವೇಗ ಸೆಕೆಂಡಿಗೆ ಹಲವು ಕಿಲೋಮೀಟರ್. ಮೋಡ ದೊಡ್ಡದಾದಷ್ಟೂ ಈ ಕಲಕಾಟವೂ ಜೋರು ಅಂತ ರಿಚರ್ಡ್ ಲಾರ್ಸನ್ 1981ರಲ್ಲಿ ತೋರಿಸಿದರು. ಇದರ ಗುಣ ವಿಚಿತ್ರ. ಅಲೆಗಳು ಡಿಕ್ಕಿ ಹೊಡೆದ ಕಡೆ ಅನಿಲ ಒತ್ತಿ ಗಂಟಾಗುತ್ತದೆ, ಉಳಿದ ಕಡೆ ಚದುರಿಹೋಗುತ್ತದೆ. ಅಂದರೆ ಮೋಡ ಪೂರ್ತಿ ಕುಸಿಯದಂತೆ ತಡೆಯುವುದೂ ಇದೇ, ಸಣ್ಣ ಸಣ್ಣ ಕಡೆ ಕುಸಿತ ಶುರು ಮಾಡಿಸುವುದೂ ಇದೇ. ತೊಂದರೆ ಏನೆಂದರೆ, ಕಲಕುವುದು ನಿಂತರೆ ಈ ಗಲಾಟೆ ಕೆಲವು ಲಕ್ಷ ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ದಶಲಕ್ಷ ವರ್ಷಗಳಲ್ಲಿ, ತಣ್ಣಗಾಗಬೇಕು. ಹಾಗಾದರೆ ಕಲಕುತ್ತಲೇ ಇರುವವರು ಯಾರು?

ಇದಕ್ಕೆ ಉತ್ತರದ ಒಂದು ಭಾಗವನ್ನು ನಾವು ಬರಿಗಣ್ಣಿನಲ್ಲೇ ನೋಡಬಹುದು. ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ಲೆಕ್ಕ ಇಟ್ಟು ಬೇಸಾಯ ಮಾಡಿದ ಊರು ನಮ್ಮದು. ಆ ಎರಡೂ ನಕ್ಷತ್ರಗಳು ಇರುವುದು ಮಹಾವ್ಯಾಧದಲ್ಲಿ, ಅಂದರೆ ಓರಿಯನ್‌ನಲ್ಲಿ. ಜೂನ್‌ನಲ್ಲಿ ಸೂರ್ಯ ಆ ಕಡೆಗೇ ಇರುತ್ತಾನೆ. ಹಾಗಾಗಿ ಆಕಾಶ ತಿಳಿಯಾಗಿದ್ದರೂ ಆ ತಿಂಗಳು ಅವು ಕಾಣುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಸಾಕು. ಸಾಲಾಗಿ ನಿಂತ ಮೂರು ನಕ್ಷತ್ರಗಳ ಪಟ್ಟಿ ಹುಡುಕಿ. ಅದರ ದಕ್ಷಿಣಕ್ಕೆ ಮಂಕಾದ ಇನ್ನೊಂದು ಸಾಲು. ಅದರ ನಡುವಿನ ಚುಕ್ಕೆ ಸ್ವಲ್ಪ ಮಸುಕಾಗಿ, ಉಜ್ಜಿದಂತೆ ಕಾಣುತ್ತದೆ. ಮಂಗಳೂರಿನ ಪೇಟೆಯ ಬೆಳಕಿನಲ್ಲಿ ಕಷ್ಟ. ಮರವಂತೆಯಲ್ಲೋ ಘಟ್ಟದ ಬುಡದ ಹಳ್ಳಿಗಳಲ್ಲೋ ಸುಲಭ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು.

ಆ ಮಸುಕೇ ಓರಿಯನ್ ನೆಬ್ಯುಲಾ. ಅದರೊಳಗೆ ಹತ್ತು ಲಕ್ಷ ವರ್ಷಗಳ ಆಸುಪಾಸಿನ ಎಳೆ ನಕ್ಷತ್ರಗಳು ಸಾವಿರಗಟ್ಟಲೆ ಇವೆ. ನಡುವೆ ನಾಲ್ಕು ಪ್ರಖರ ನಕ್ಷತ್ರಗಳ ಗುಂಪು, ಸಣ್ಣ ಟೆಲಿಸ್ಕೋಪಿನಲ್ಲೇ ಬೇರೆ ಬೇರೆಯಾಗಿ ಕಾಣುತ್ತದೆ. ಅವುಗಳಲ್ಲಿ ಅತಿ ಭಾರದ್ದು ಥೀಟಾ-1 ಓರಿಯೊನಿಸ್ ಸಿ. ಸೂರ್ಯನ ಮೂವತ್ತು ಪಟ್ಟಿಗೂ ಜಾಸ್ತಿ ತೂಕ. ಇಡೀ ನೆಬ್ಯುಲಾ ಹೊಳೆಯುವುದು ಹೆಚ್ಚಾಗಿ ಈ ಒಂದೇ ನಕ್ಷತ್ರದ ನೇರಳಾತೀತ ಬೆಳಕಿನಿಂದ. ನಾವು ನೋಡುತ್ತಿರುವುದು ನಿಜಕ್ಕೂ ಮೋಡವನ್ನಲ್ಲ, ಮೋಡದಲ್ಲಿ ಈ ನಕ್ಷತ್ರ ಕೊರೆದ ಪೊಳ್ಳನ್ನು. ಮೂಲ ಮೋಡ ಅದರ ಹಿಂದೆ ಕತ್ತಲಲ್ಲಿದೆ. ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ಟೆಲಿಸ್ಕೋಪ್ ಕಾರ್ಬನ್ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ ಪರಮಾಣುವಿನ) ಬೆಳಕಿನಲ್ಲಿ ಇದನ್ನು ಅಳೆಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ನಕ್ಷತ್ರದಿಂದ ಬೀಸುವ ಗಾಳಿ ಸುತ್ತಲಿನ ಅನಿಲವನ್ನು ಸೆಕೆಂಡಿಗೆ 13 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ತಳ್ಳುತ್ತಿದೆ. ಇದೇ ಬೆಳಕನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಹೈದರಾಬಾದಿನಿಂದ ಬಲೂನಿನಲ್ಲಿ ಹಾರಿಸಿದ ಟೆಲಿಸ್ಕೋಪಿನಿಂದಲೂ ಬೇರೆ ಮೋಡಗಳಲ್ಲಿ ಅಳೆದಿದ್ದಾರೆ.

ಇದರ ಅರ್ಥ ಯೋಚಿಸಿ ನೋಡಿ. ಮೋಡದಲ್ಲಿ ಮೊದಲು ಹುಟ್ಟಿದ ದೊಡ್ಡ ನಕ್ಷತ್ರವೇ ತನ್ನ ಹಿಂದೆ ಹುಟ್ಟಬೇಕಾದವರ ಪಾಲಿನ ಅನಿಲವನ್ನು ಚದುರಿಸುತ್ತದೆ. ಬೇರೆ ಗ್ಯಾಲಕ್ಸಿಗಳ ಮೋಡಗಳನ್ನು ನೋಡಿದಾಗಲೂ ಇದೇ ಕಾಣುತ್ತದೆ. ಒಂದು ಮೋಡದ ಆಯುಸ್ಸು ಒಂದರಿಂದ ಮೂರು ಕೋಟಿ ವರ್ಷ. ಭಾರೀ ನಕ್ಷತ್ರಗಳು ಬೆಳಗಿದ ಮೇಲೆ ಅದು ಉಳಿಯುವುದು ಕೆಲವೇ ದಶಲಕ್ಷ ವರ್ಷ. ಎಷ್ಟೋ ಸಲ ಭಾರೀ ನಕ್ಷತ್ರ ಸಾಯುವಾಗಿನ ಸೂಪರ್‌ನೋವಾ ಸ್ಫೋಟದವರೆಗೂ ಕಾಯಬೇಕಾಗಿಲ್ಲ, ಬೆಳಕು ಮತ್ತು ಗಾಳಿಯೇ ಕೆಲಸ ಮುಗಿಸಿರುತ್ತವೆ. ಮೂರು ಕಾರಣಗಳಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಇದೇ. ಕಾಂತಕ್ಷೇತ್ರ ಮತ್ತು ಕಲಕಾಟ ಕುಸಿತವನ್ನು ನಿಧಾನ ಮಾಡುತ್ತವೆ. ಎಳೆ ನಕ್ಷತ್ರಗಳು ಮೋಡವನ್ನೇ ಇಲ್ಲವಾಗಿಸುತ್ತವೆ.

ಆದರೆ ಎಲ್ಲ ಕಡೆ ಇದೊಂದನ್ನೇ ಹೇಳಿ ಬಚಾವಾಗುವ ಹಾಗಿಲ್ಲ. ಗ್ಯಾಲಕ್ಸಿಯ ನಡುವನ್ನು ನೋಡಿ. ಮೇ ತಿಂಗಳ ತಡರಾತ್ರಿ ನಮ್ಮ ದಕ್ಷಿಣ ಆಕಾಶದಲ್ಲಿ ವೃಶ್ಚಿಕದ ಬಾಲದ ಪಕ್ಕ, ಧನುರಾಶಿಯ ಕಡೆಗೆ ಇರುವ ಜಾಗ ಅದು. ಸುಮಾರು 26,000 ಜ್ಯೋತಿರ್ವರ್ಷ ದೂರ. ಅಲ್ಲಿ ಕೋಟಿಗಟ್ಟಲೆ ಸೂರ್ಯರಷ್ಟು ಅಣು ಅನಿಲ ಇದೆ, ಅದೂ ನಮ್ಮ ಸುತ್ತಲಿನ ಮೋಡಗಳಿಗಿಂತ ತುಂಬ ದಟ್ಟ. ದಟ್ಟವಾದರೆ ನಕ್ಷತ್ರ ಅನ್ನುವ ಲೆಕ್ಕದಲ್ಲಿ ಅಲ್ಲಿ ಸುಗ್ಗಿಯೇ ಆಗಬೇಕಿತ್ತು. ಆಗುತ್ತಿರುವುದು ನಿರೀಕ್ಷೆಯ ಹತ್ತನೇ ಒಂದು ಪಾಲು. ಅಲ್ಲಿನ ಒಂದು ಮೋಡಕ್ಕೆ ಖಗೋಳಜ್ಞರು 'ಇಟ್ಟಿಗೆ' ಅಂತಲೇ ಹೆಸರಿಟ್ಟಿದ್ದಾರೆ. ಲಕ್ಷ ಸೂರ್ಯರ ತೂಕ, ಆದರೂ ನಕ್ಷತ್ರ ಹುಟ್ಟಿದ ಗುರುತು ಅತಿ ಕಡಿಮೆ. ನಕ್ಷತ್ರಗಳೇ ಇಲ್ಲದಿದ್ದರೆ ಚದುರಿಸುವವರೂ ಇಲ್ಲ. ಹಾಗಾಗಿ ಅಲ್ಲಿ ತಡೆಯುತ್ತಿರುವುದು ಮುಖ್ಯವಾಗಿ ಜೋರಾದ ಕಲಕಾಟ ಮತ್ತು ಗ್ಯಾಲಕ್ಸಿಯ ನಡುವಿನ ಎಳೆತ ಅಂತ ಒಪ್ಪಬೇಕಾಗುತ್ತದೆ.

ಅಲ್ಲೇ ಪಕ್ಕದಲ್ಲಿ ಪೂರ್ತಿ ಉಲ್ಟಾ ಉದಾಹರಣೆ. 2025ರ ಸೆಪ್ಟೆಂಬರ್‌ನಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಸ್ಯಾಜಿಟೇರಿಯಸ್ ಬಿ2 ಮೋಡದ ಚಿತ್ರ ಬಿಡುಗಡೆಯಾಯಿತು. ಗ್ಯಾಲಕ್ಸಿಯ ನಡುವಿನ ಅನಿಲದಲ್ಲಿ ಈ ಮೋಡದ ಪಾಲು ಬರೇ ನೂರಕ್ಕೆ 10. ಆದರೆ ಆ ಪ್ರದೇಶದಲ್ಲಿ ಹುಟ್ಟುವ ನಕ್ಷತ್ರಗಳಲ್ಲಿ ಅರ್ಧದಷ್ಟು ಇಲ್ಲೇ. ಇಟ್ಟಿಗೆ ಸುಮ್ಮನೆ ಕೂತಿದೆ, ಬಿ2 ಭರ್ಜರಿಯಾಗಿ ಬೆಳೆಯುತ್ತಿದೆ, ಎರಡೂ ಇರುವುದು ಒಂದೇ ನೆರೆಯಲ್ಲಿ. ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ. ವೆಬ್‌ನ ಚಿತ್ರದ ಮಹತ್ವ ಅದರ ಅಂದದಲ್ಲಿಲ್ಲ, ಈ ಹೋಲಿಕೆಯಲ್ಲಿದೆ. ನಮ್ಮ ಪತ್ರಿಕೆಗಳಲ್ಲಿ ಚಿತ್ರ ಮಾತ್ರ ಬಂದು ಪ್ರಶ್ನೆ ಬಾರದೆ ಹೋದರೆ ನಷ್ಟ ಓದುವವರಿಗೆ.

ಈಗ ಆ ಹುಡುಗಿಯ ಪ್ರಶ್ನೆಯ ಹಿಂದಿನ ಕಥೆಗೆ ಬರುತ್ತೇನೆ. 1974ರಲ್ಲಿ ಕೆಲವರು ಮೋಡಗಳ ಅನಿಲದ ವೇಗ ನೋಡಿ, ಮೋಡಗಳು ಇಡಿಯಾಗಿ ಕುಸಿಯುತ್ತಿವೆ ಅಂದರು. ಬೆನ್ ಝುಕರ್‌ಮನ್ ಮತ್ತು ನೀಲ್ ಇವಾನ್ಸ್ ಅದೇ ವರ್ಷ ತಕರಾರು ತೆಗೆದರು. ಹಾಗಿದ್ದರೆ ಈಗ ಕಾಣುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನಕ್ಷತ್ರಗಳು ಹುಟ್ಟುತ್ತಿರಬೇಕಿತ್ತಲ್ಲ ಅಂತ. ಈ ಲೇಖನದ ಮೊದಲಿಗೆ ನಾನು ಹಾಕಿದ ಲೆಕ್ಕದ ಮೂಲ ಇದು. ಅದೇ ನೀಲ್ ಇವಾನ್ಸ್ ಸುಮಾರು ಅರ್ಧ ಶತಮಾನದ ನಂತರ, 2021 ಮತ್ತು 2022ರಲ್ಲಿ, ಬೇರೆ ಸಹೋದ್ಯೋಗಿಗಳ ಜೊತೆ ಮತ್ತೆ ಈ ಲೆಕ್ಕಕ್ಕೆ ಕೈ ಹಾಕಿದರು. ಅವರ ಮೊದಲ ಕಂಡುಕೊಳ್ಳುವಿಕೆ: ನಾವು ಮೋಡ ಅಂತ ಪಟ್ಟಿ ಮಾಡಿರುವುದರಲ್ಲಿ ಹೆಚ್ಚಿನವು ಗುರುತ್ವದಿಂದ ಬಿಗಿದುಕೊಂಡೇ ಇಲ್ಲ. ಅವು ಸದ್ಯಕ್ಕೆ ಒಟ್ಟಿಗೆ ಇರುವ ಅನಿಲ, ಅಷ್ಟೇ. ಕುಸಿಯುವ ಮಾತೇ ಇಲ್ಲ. ಎರಡನೆಯದು, ಕಾರ್ಬನ್ ಮೊನಾಕ್ಸೈಡ್‌ನಿಂದ ಹೈಡ್ರೋಜನ್ ತೂಕ ಕಟ್ಟುವಾಗ ಗ್ಯಾಲಕ್ಸಿಯ ಎಲ್ಲ ಕಡೆಗೂ ಒಂದೇ ಅಳತೆಗೋಲು ಬಳಸಿದ್ದು ಸರಿಯಲ್ಲ. ಕಾರ್ಬನ್, ಆಮ್ಲಜನಕ ಜಾಸ್ತಿ ಇರುವ ಒಳಭಾಗದಲ್ಲಿ ಮತ್ತು ಕಡಿಮೆ ಇರುವ ಹೊರಭಾಗದಲ್ಲಿ ಅದು ಬೇರೆ ಬೇರೆ. ಇವೆರಡನ್ನೂ ಸರಿಪಡಿಸಿ ಲೆಕ್ಕ ಹಾಕಿದಾಗ ಸಿದ್ಧಾಂತ ಹೇಳುವ ಸಂಖ್ಯೆ ನಿಜವಾಗಿ ಕಾಣುವ ಸಂಖ್ಯೆಗೆ ತೀರಾ ಹತ್ತಿರ ಬಂತು.

ಒಗಟು ಪೂರ್ತಿ ಬಿಡಿಸಿದ ಹಾಗಾಯಿತೇ? ನನ್ನ ಪ್ರಕಾರ ಇಲ್ಲ. ಮೋಡಗಳು ಯಾಕೆ ಬಿಗಿದುಕೊಂಡಿಲ್ಲ ಅನ್ನುವ ಪ್ರಶ್ನೆ ಹಾಗೆಯೇ ಉಳಿಯಿತು. ಆದರೆ ಪ್ರಶ್ನೆಯ ರೂಪ ಬದಲಾಯಿತು, ಅದು ಸಣ್ಣ ವಿಷಯವಲ್ಲ. ಮೋಡ ಅಂದರೆ ನಾಳಿನ ನಕ್ಷತ್ರ ಅಂತ ಭಾವಿಸುವುದನ್ನು ಬಿಡಬೇಕು. ಹೆಚ್ಚಿನ ಮೋಡಗಳು ಸೇರುತ್ತವೆ, ಚದುರುತ್ತವೆ, ಮತ್ತೆ ಬೇರೆ ಕಡೆ ಸೇರುತ್ತವೆ. ಈ ನಿಧಾನದಿಂದ ನಮಗೆ ಆದ ಲಾಭವೂ ಇದೆ. ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷದ ಹಿಂದೆ. ಅಷ್ಟು ಹೊತ್ತಿಗೆ ಆಕಾಶಗಂಗೆಗೆ ಎಂಟೊಂಬತ್ತು ನೂರು ಕೋಟಿ ವರ್ಷ ಆಗಿತ್ತು. ಹಿಂದಿನ ತಲೆಮಾರಿನ ನಕ್ಷತ್ರಗಳು ತಯಾರಿಸಿ ಚೆಲ್ಲಿದ ಕಾರ್ಬನ್, ಆಮ್ಲಜನಕ, ಕಬ್ಬಿಣ ಸೇರಿದ ಅನಿಲ ಆಗಲೂ ಉಳಿದಿತ್ತು. ಮೋಡಗಳು ಕಂಡಕಂಡಲ್ಲಿ ಕುಸಿದಿದ್ದರೆ ಭೂಮಿಯಂಥ ಕಲ್ಲಿನ ಗ್ರಹಕ್ಕೆ ಬೇಕಾದ ಸರಕು ಸೇರುವ ಮೊದಲೇ ಹೆಚ್ಚಿನ ಅನಿಲ ಖರ್ಚಾಗಿರುತ್ತಿತ್ತು.

ಕಳೆದ ವರ್ಷಗಳ ಇನ್ನೊಂದು ಸುದ್ದಿ ಈ ಲೆಕ್ಕವನ್ನು ಮತ್ತೆ ಅಲುಗಾಡಿಸಿದೆ. 2025ರ ಏಪ್ರಿಲ್‌ನಲ್ಲಿ ಬ್ಲೇಕ್ಸ್‌ಲಿ ಬರ್ಕ್‌ಹಾರ್ಟ್ ಅವರ ತಂಡ 'ಈಯಾಸ್' ಅನ್ನುವ ಮೋಡವನ್ನು ಪ್ರಕಟಿಸಿತು. ದೂರ ಕೇವಲ 300 ಜ್ಯೋತಿರ್ವರ್ಷ. ಓರಿಯನ್‌ಗಿಂತ ನಾಲ್ಕು ಪಟ್ಟು ಹತ್ತಿರ. ತೂಕ ಸುಮಾರು 3,400 ಸೂರ್ಯರಷ್ಟು. ಆಕಾಶದಲ್ಲಿ ಅದರ ಅಗಲ ಸುಮಾರು 40 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಇಷ್ಟು ಹತ್ತಿರ, ಇಷ್ಟು ದೊಡ್ಡದು, ಆದರೂ ಇಷ್ಟು ದಿನ ಗೊತ್ತೇ ಇರಲಿಲ್ಲ. ಯಾಕೆಂದರೆ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬ ಕಡಿಮೆ. ನಮ್ಮ ಎಲ್ಲ ನಕ್ಷೆಗಳೂ ನಿಂತಿರುವುದು ಆ ಅಣುವಿನ ಮೇಲೆ. ಈಯಾಸ್ ಸಿಕ್ಕಿದ್ದು ಹೈಡ್ರೋಜನ್ ಅಣುವೇ ಹೊರಗಿನ ನೇರಳಾತೀತ ಬೆಳಕು ಹೀರಿ ಮತ್ತೆ ಹೊರಸೂಸುವ ಹೊಳಪಿನಿಂದ. ಮಾಹಿತಿ ಹೊಸದೇನಲ್ಲ. 2003ರಲ್ಲಿ ಹಾರಿದ ದಕ್ಷಿಣ ಕೊರಿಯಾದ ಉಪಗ್ರಹವೊಂದು ದಾಖಲಿಸಿದ್ದು.

ಈಯಾಸ್ ಮುಂದೆ ನಕ್ಷತ್ರಗಳಾಗುತ್ತದೆಯೇ? ತಂಡದ ಲೆಕ್ಕ ಬೇರೆಯೇ ಹೇಳುತ್ತದೆ. ಸುತ್ತಲಿನ ವಿಕಿರಣ ಅದರ ಅಣುಗಳನ್ನು ಒಡೆಯುತ್ತಿದೆ. ಸುಮಾರು 60 ಲಕ್ಷ ವರ್ಷದಲ್ಲಿ ಮೋಡ ಕರಗಿಹೋಗಲಿದೆ. ಮೋಡವೆಲ್ಲ ನಕ್ಷತ್ರವಾಗುವುದಿಲ್ಲ ಅನ್ನುವುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಇನ್ನೊಂದು ಬೇಕೇ? ಆದರೆ ಇಂಥವು ಇನ್ನೆಷ್ಟಿವೆ ಅನ್ನುವುದರ ಮೇಲೆ 100 ಕೋಟಿ ಸೂರ್ಯರ ಆ ಮೊತ್ತವೇ ನಿಂತಿದೆ. ಕಾಣದ ಮೋಡಗಳು ಜಾಸ್ತಿ ಇದ್ದರೆ ಅನಿಲದ ಮೊತ್ತ ಏರುತ್ತದೆ, ನಕ್ಷತ್ರವಾಗುವ ಪಾಲು ಇನ್ನೂ ಇಳಿಯುತ್ತದೆ. ಅವನ್ನು ಹುಡುಕಲೆಂದೇ ನೇರಳಾತೀತ ಬೆಳಕು ನೋಡುವ ಉಪಗ್ರಹವೊಂದರ ಪ್ರಸ್ತಾಪವನ್ನು ವಿಜ್ಞಾನಿಗಳು ನಾಸಾ ಮುಂದೆ ಇಟ್ಟಿದ್ದರು. ಮೋಡಕ್ಕೆ ಈಯಾಸ್ ಅನ್ನುವ ಹೆಸರು ಬಂದದ್ದು ಆ ಪ್ರಸ್ತಾಪದಿಂದಲೇ.